ಹಿಂದೆ ಬರುವವನ ಋಣ

ದಾರಿ ಕೇಳಿದವನಿಗೆ ದಾರಿ ತೋರಿಸಬೇಕೆಂಬುದು ನಮ್ಮಲ್ಲಿ ಯಾರೂ ಯಾರಿಗೂ ಕೂಡಿಸಿಕೊಂಡು ಕಲಿಸದ ಧರ್ಮ. ಬಾಯಾರಿ ಬಂದವನಿಗೆ ನೀರು, ದಿಕ್ಕು ತಪ್ಪಿ ನಿಂತವನಿಗೆ ದಾರಿ—ಇವೆರಡನ್ನು ಇಲ್ಲವೆನ್ನುವವನನ್ನು ಹಳ್ಳಿಯಲ್ಲಾಗಲಿ ಪಟ್ಟಣದಲ್ಲಾಗಲಿ ಒಳ್ಳೆಯ ಮನುಷ್ಯನೆಂದು ಯಾರೂ ಕರೆಯುವುದಿಲ್ಲ. ಹಿಂದಿನವರು ದಾರಿಯ ಮಗ್ಗುಲಲ್ಲಿ ಬಾವಿ ತೋಡಿಸಿದರು, ಸಾಲುಮರ ನೆಡಿಸಿದರು, ಬೇಸಗೆಯಲ್ಲಿ ಅರವಟ್ಟಿಗೆ ಇಡಿಸಿದರು. ಆ ನೆರಳಿನಲ್ಲಿ ಮುಂದೆ ಯಾರು ಬಂದು ಕುಳಿತುಕೊಳ್ಳುವರೆಂದು ಅವರಿಗೆ ತಿಳಿದಿರಲಿಲ್ಲ. ಕುಳಿತವನಿಗೂ ನೆಟ್ಟವನ ಹೆಸರು ತಿಳಿಯುತ್ತಿರಲಿಲ್ಲ. ಕೊಡುವವನು ಪಡೆಯುವವನ ಮುಖವನ್ನೇ ನೋಡದ ಈ ಬಗೆಯ ಉಪಕಾರಕ್ಕೆ ರಸ್ತೆಯಷ್ಟು ತಕ್ಕ ಜಾಗ ಇನ್ನೊಂದಿಲ್ಲ. ಮುಂದೆ ಹೋದವನು ಹಿಂದೆ ಬರುವವನಿಗೆ ಏನನ್ನಾದರೂ ಬಿಟ್ಟು ಹೋಗಬೇಕು. ಅದು ದಾರಿಯ ಋಣ.

ಈ ಋಣವನ್ನು ತೀರಿಸುವ ಕೆಲಸವನ್ನು ಈಗ ನಮ್ಮ ಪರವಾಗಿ ಒಂದು ಯಂತ್ರ ವಹಿಸಿಕೊಂಡಿದೆ. ಜೇಬಿನ ಮೊಬೈಲಿನಲ್ಲಿರುವ ನಕ್ಷೆಯ ಆ್ಯಪು ಮುಂದಿನ ರಸ್ತೆ ಬಿಡುವಾಗಿದೆಯೆ, ಕಿಕ್ಕಿರಿದಿದೆಯೆ, ಎಲ್ಲಿ ಅಪಘಾತವಾಗಿದೆ, ಎಷ್ಟು ಹೊತ್ತಿಗೆ ಊರು ಮುಟ್ಟಬಹುದು ಎಂಬುದನ್ನೆಲ್ಲ ಹಸಿರು ಕೆಂಪು ಗೆರೆಗಳಲ್ಲಿ ಬರೆದು ತೋರಿಸುತ್ತದೆ. 2018ರಿಂದ ಗೂಗಲ್ ನಕ್ಷೆ ಕನ್ನಡದಲ್ಲಿಯೇ ಬಾಯಿಬಿಟ್ಟು ದಾರಿ ಹೇಳುತ್ತಿದೆ. ಈ ಸುದ್ದಿ ಅದಕ್ಕೆ ಎಲ್ಲಿಂದ ಬಂತು? ನಮಗಿಂತ ಹತ್ತು ನಿಮಿಷ ಮುಂಚೆ ಅದೇ ರಸ್ತೆಯಲ್ಲಿ ಹೋದ ನಮ್ಮಂಥವರಿಂದಲೇ ಬಂತು. ಅವರಲ್ಲಿ ಕೆಲವರು ಬೇಕೆಂದು ತಿಳಿಸಿದರು. ಬಹುಮಂದಿಗೆ ತಾವು ತಿಳಿಸಿದೆವೆಂಬುದೇ ಗೊತ್ತಿಲ್ಲ. ಹಾಗಾದರೆ ಇದು ಅರವಟ್ಟಿಗೆಯ ಹೊಸ ರೂಪವೆ, ಅಥವಾ ಆ ಹೆಸರಿನಲ್ಲಿ ನಡೆಯುವ ಬೇರೊಂದು ವ್ಯಾಪಾರವೆ? ತಿಳಿಯದೆ ಕೊಟ್ಟದ್ದು ಕೊಡುಗೆಯಾಗುತ್ತದೆಯೆ? ಹೇಳಿದವನು ಯಾರೆಂದು ಗೊತ್ತಿಲ್ಲದ ಮಾತಿಗೆ ಹೊಣೆ ಯಾರು?

ಈ ಪ್ರಶ್ನೆಗಳು ದೊಡ್ಡ ನಗರಗಳ ವಾಹನಸಂದಣಿಯಲ್ಲಿ ಹುಟ್ಟಿದವು. ಆದರೆ ಅವನ್ನು ಬಿಡಿಸಿ ನೋಡುವುದಕ್ಕೆ ಸಂದಣಿ ಕಡಮೆಯಾದ ಒಂದು ರಸ್ತೆಯೇ ಅನುಕೂಲ. ಬೀದರ್ ಜಿಲ್ಲೆಯ ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವಣ ರಸ್ತೆಯನ್ನು ತೆಗೆದುಕೊಳ್ಳೋಣ. ಹುಮನಾಬಾದು ನಾಲ್ಕು ದಿಕ್ಕಿನ ಲಾರಿಗಳು ಕೂಡುವ ಊರು. ಪುಣೆಯಿಂದ ಸೊಲ್ಲಾಪುರ, ಹೈದರಾಬಾದುಗಳ ಮೇಲೆ ಮಚಲೀಪಟ್ಟಣಕ್ಕೆ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿಯೂ, ನಾಂದೇಡದ ಕಡೆಯಿಂದ ಬೀದರ್, ಕಲಬುರಗಿ, ವಿಜಯಪುರಗಳನ್ನು ಹಾದು ಚಿತ್ರದುರ್ಗಕ್ಕೆ ಇಳಿಯುವ 50ನೆಯ ಹೆದ್ದಾರಿಯೂ ಇಲ್ಲಿ ಒಂದನ್ನೊಂದು ಸಂಧಿಸುತ್ತವೆ. ಮೊದಲನೆಯದನ್ನು ಹಿಡಿದು ಪಶ್ಚಿಮಕ್ಕೆ ಹೋದರೆ ಸಸ್ತಾಪುರ ಬಂಗ್ಲಾ ಸಿಗುತ್ತದೆ; ಅಲ್ಲಿ ಹೆದ್ದಾರಿಯನ್ನು ಬಿಟ್ಟು ಹೊರಳಿದರೆ ಬಸವಕಲ್ಯಾಣ. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಈ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ರಸ್ತೆಯ ಮಾತುಗಳೇ. ಯಾವ ಮಾತಿನಲ್ಲಿ ದಾರಿ ಕೇಳಿದರೂ ಉತ್ತರ ಸಿಗುತ್ತದೆ.

ಆ ಉತ್ತರದ ರೀತಿಯನ್ನು ಸ್ವಲ್ಪ ಗಮನಿಸಬೇಕು. “ಕಾಕಾ, ಕಲ್ಯಾಣಕ್ಕ ಹ್ಯಾಂಗ್ ಹೋಗಬೇಕ್ರಿ?” ಎಂದು ಕೇಳಿದರೆ, “ಸೀದಾ ಹೋಗ್ರಿ, ಬಂಗ್ಲಾ ಬರ್ತದ. ಅಲ್ಲಿ ಮತ್ತೊಮ್ಮೆ ಯಾರನ್ನರ ಕೇಳ್ರಿ” ಎಂದು ಹೇಳುತ್ತಾರೆ. ಎಷ್ಟು ಸಣ್ಣ ಮಾತು! ಆದರೂ ಅದರಲ್ಲಿ ಮೂರು ಸಂಗತಿಗಳು ಸೇರಿವೆ. ಹೇಳುವವನು ಕೇಳಿದವನ ಮುಖ ನೋಡಿ ಹೇಳಿದ್ದಾನೆ. ಸೈಕಲ್ಲಿನವನಿಗೆ ಹೇಳುವ ದಾರಿ ಬೇರೆ, ಲಾರಿಯವನಿಗೆ ಹೇಳುವ ದಾರಿ ಬೇರೆ. ತನಗೆ ತಿಳಿದಷ್ಟನ್ನು ಹೇಳಿದ್ದಾನೆ. ತನ್ನ ತಿಳಿವಳಿಕೆ ಎಲ್ಲಿ ಮುಗಿಯುತ್ತದೆಂಬುದನ್ನೂ ಹೇಳಿದ್ದಾನೆ. ಮೂರನೆಯದೇ ಕಷ್ಟವಾದದ್ದು. ಅದು ವಿದ್ವಾಂಸರಿಗೂ ಸುಲಭವಾಗಿ ಬರುವುದಿಲ್ಲ.

ಹೆದ್ದಾರಿಯ ಲಾರಿ ಚಾಲಕರಲ್ಲಿಯೂ ಸುದ್ದಿ ಹಂಚುವ ಸಂಪ್ರದಾಯ ಹಿಂದಿನಿಂದ ಬಂದಿದೆ. ಎದುರಿಗೆ ಬರುವವನು ದೀಪವನ್ನು ಎರಡು ಸಲ ಮಿಟುಕಿಸಿದರೆ ಮುಂದೆ ಏನೋ ಇದೆಯೆಂದು ಅರ್ಥ: ಎಮ್ಮೆಗಳ ಹಿಂಡೊ, ಅಡ್ಡಬಿದ್ದ ಮರವೊ, ತಪಾಸಣೆಯ ಪೊಲೀಸರೊ. ಗಾಡಿ ಕೆಟ್ಟು ನಿಂತರೆ ಹಿಂದೆ ಹತ್ತಾರು ಮಾರು ದೂರದಲ್ಲಿ ಕಲ್ಲಿಟ್ಟು, ಮರದ ಟೊಂಗೆಯೊಂದನ್ನು ಮುರಿದು ನಿಲ್ಲಿಸುತ್ತಾರೆ. ಢಾಬಾದ ಹಗ್ಗದ ಮಂಚದ ಮೇಲೆ ಕುಳಿತು ರೊಟ್ಟಿ ತಿನ್ನುವಾಗ ಸೊಲ್ಲಾಪುರದ ಕಡೆಯ ಸುದ್ದಿ ಹೈದರಾಬಾದಿನ ಕಡೆಯವನಿಗೂ, ಕಲಬುರಗಿಯ ಸುದ್ದಿ ಬೀದರಿನವನಿಗೂ ಕೈಬದಲಾಗುತ್ತದೆ. ಹಳ್ಳಿಯವರು ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಫೋನು ಮಾಡಿ, “ಬಸ್ ಹೊಂಟದೇನ್ರಿ?” ಎಂದು ಕೇಳಿಕೊಂಡು ಮನೆ ಬಿಡುತ್ತಾರೆ. ಚಹಾದವನಿಗೆ ಇದರಿಂದ ಬರುವ ಲಾಭವೇನು? ಏನೂ ಇಲ್ಲ, ಕೇಳಿದರು, ಹೇಳಿದ, ಅಷ್ಟೆ.

ಈಗಿನ ಯಂತ್ರ ಮಾಡಿದ್ದು ಈ ಚದುರಿದ ಮಾತುಗಳನ್ನೆಲ್ಲ ಒಂದು ಕಡೆ ಕೂಡಿಹಾಕುವ ಕೆಲಸವನ್ನು. ಇಸ್ರೇಲಿನಲ್ಲಿ 2006ರ ಸುಮಾರಿಗೆ ಜನರೇ ಸೇರಿ ನಕ್ಷೆ ಬರೆಯುವ ಪ್ರಯತ್ನವೊಂದು ಆರಂಭವಾಯಿತು. ಅದರಿಂದ 2008ರಲ್ಲಿ ‘ವೇಜ್’ ಎಂಬ ಕಂಪನಿ ಹುಟ್ಟಿತು. ಚಾಲಕನು ಅಪಘಾತವನ್ನೊ ಗುಂಡಿಯನ್ನೊ ಕಂಡಾಗ ಫೋನಿನ ಮೇಲೆ ಬೆರಳೊತ್ತಿ ತಿಳಿಸಿದರೆ, ಹಿಂದಿನವರಿಗೆಲ್ಲ ಕ್ಷಣದಲ್ಲಿ ಅದು ಗೊತ್ತಾಗುವ ಏರ್ಪಾಡು ಅದು. ಇನ್ನೊಂದು ವಿಧಾನವನ್ನು ಗೂಗಲ್ 2009ರಲ್ಲಿ ವಿವರಿಸಿತು. ಇದರಲ್ಲಿ ಯಾರೂ ಏನೂ ಹೇಳಬೇಕಾಗಿಲ್ಲ. ಫೋನು ಉಪಗ್ರಹಗಳ ಸಂಕೇತದಿಂದ ತಾನಿರುವ ಜಾಗವನ್ನು ಗೊತ್ತುಮಾಡಿಕೊಂಡು, ಎಷ್ಟು ವೇಗದಲ್ಲಿ ಸಾಗುತ್ತಿದೆಯೆಂಬುದನ್ನು ತಾನಾಗಿಯೇ ಕಳುಹಿಸುತ್ತದೆ. ರಸ್ತೆಯ ಒಂದು ತುಂಡಿನ ಮೇಲಿರುವ ಅನೇಕ ಫೋನುಗಳ ವೇಗವನ್ನು ಒಟ್ಟುಮಾಡಿ, ಅದೇ ವಾರದ ಅದೇ ಹೊತ್ತಿನಲ್ಲಿ ಹಿಂದೆ ಇರುತ್ತಿದ್ದ ವೇಗದೊಡನೆ ಹೋಲಿಸಿ, ಗೆರೆಗೆ ಬಣ್ಣ ಕೊಡುತ್ತಾರೆ. 2013ರಲ್ಲಿ ವೇಜನ್ನು ಗೂಗಲ್ ಕೊಂಡುಕೊಂಡಿತು. ಬೆಲೆ ನೂರು ಕೋಟಿ ಡಾಲರಿನ ಆಸುಪಾಸು. ದಾರಿಹೋಕರ ಮಾತಿಗೆ ಇಷ್ಟು ಬೆಲೆಯಿದೆಯೆಂದು ಚಹಾದಂಗಡಿಯವನು ಕನಸಿನಲ್ಲಿಯೂ ಎಣಿಸಿರಲಾರ.

ನಮ್ಮ ಬೆಂಗಳೂರಿನಲ್ಲಿಯೂ ಇಂಥದೇ ಒಂದು ಕಥೆ ನಡೆಯಿತು. ರೈಲು ಎಲ್ಲಿದೆಯೆಂದು ತಿಳಿಸುವ ‘ವೇರ್ ಈಸ್ ಮೈ ಟ್ರೇನ್’ ಎಂಬ ಆ್ಯಪನ್ನು ಅಲ್ಲಿನ ಸಿಗ್ಮಾಯ್ಡ್ ಲ್ಯಾಬ್ಸ್ ಎಂಬ ಸಣ್ಣ ಕಂಪನಿಯವರು ಮಾಡಿದರು. ಅಂತರ್ಜಾಲವಿಲ್ಲದ ಕಡೆಯಲ್ಲಿಯೂ, ಹಾದಿಯ ಮೊಬೈಲ್ ಗೋಪುರಗಳ ಸಂಕೇತ ಹಿಡಿದು ಅದು ರೈಲಿನ ಜಾಗವನ್ನು ಊಹಿಸುತ್ತದೆ. 2018ರಲ್ಲಿ ಅದನ್ನೂ ಗೂಗಲ್ ಕೊಂಡಿತು. ಬೀದರ್–ಕಲಬುರಗಿ ರೈಲುಮಾರ್ಗ 2017ರ ಅಕ್ಟೋಬರಿನಲ್ಲಿ ಆರಂಭವಾದ ಮೇಲೆ ಹುಮನಾಬಾದಿನ ನಿಲ್ದಾಣದಲ್ಲಿ ಕಾಯುವವರಿಗೆ ಇದರ ಬೆಲೆ ಗೊತ್ತು. ಹಳಿಯ ಕೊನೆಯನ್ನೇ ದಿಟ್ಟಿಸುತ್ತ ನಿಲ್ಲುವ ಬದಲು, ಬಂದವರು ಫೋನು ನೋಡಿ ನೆಮ್ಮದಿಯಾಗಿ ಕೂಡಬಹುದು.

ಇದರ ಉಪಕಾರವನ್ನು ಕಡಮೆಯೆಂದು ಯಾರೂ ಹೇಳಕೂಡದು. ಹುಮನಾಬಾದಿನಿಂದ ರೋಗಿಯನ್ನು ಕಲಬುರಗಿಗೊ ಹೈದರಾಬಾದಿಗೊ ಒಯ್ಯಬೇಕಾದವನಿಗೆ, ಮುಂದಿನ ಊರಿನ ಹೊರಗೆ ಲಾರಿ ಮಗುಚಿ ರಸ್ತೆ ಕಟ್ಟಿದೆಯೆಂಬ ಸುದ್ದಿ ಅರ್ಧ ಘಂಟೆ ಮೊದಲು ಸಿಗುವುದೆಂದರೆ ಸಣ್ಣ ಮಾತಲ್ಲ. ರಾತ್ರಿ ಹೊರಟ ಮಗಳು ಎಲ್ಲಿಯವರೆಗೆ ಬಂದಳೆಂದು ಮನೆಯಲ್ಲಿ ಕುಳಿತ ತಾಯಿಗೆ ತಿಳಿಯುವುದೂ ಸಣ್ಣ ಮಾತಲ್ಲ. ನಗರಗಳಿಗೆ ತಮ್ಮ ಅವಸ್ಥೆ ತಿಳಿದದ್ದೂ ಇಂಥ ಲೆಕ್ಕದಿಂದಲೇ. ಟಾಮ್‌ಟಾಮ್ ಎಂಬ ಡಚ್ ಕಂಪನಿ 2019ರ ಸಾಲಿಗೆ ಜಗತ್ತಿನ 416 ನಗರಗಳ ಸಂಚಾರವನ್ನು ಅಳೆದಾಗ ಬೆಂಗಳೂರು ಎಲ್ಲಕ್ಕಿಂತ ಮೇಲೆ ನಿಂತಿತು. ರಸ್ತೆ ಬಿಡುವಾಗಿದ್ದರೆ ಹಿಡಿಯುತ್ತಿದ್ದ ಹೊತ್ತಿಗಿಂತ ನೂರಕ್ಕೆ 71ರಷ್ಟು ಹೆಚ್ಚು ಹೊತ್ತು ಅಲ್ಲಿಯ ಜನ ದಾರಿಯಲ್ಲಿ ಕಳೆಯುತ್ತಿದ್ದರು. ಬೈಯುವವರಿಗೆ ಅಲ್ಲಿಯವರೆಗೆ ಬರಿಯ ಅನುಭವವಿತ್ತು; ಈಗ ಅಂಕಿ ಸಿಕ್ಕಿತು.

ಆದರೆ ಉಪಕಾರವಾಯಿತೆಂಬುದರಿಂದಲೇ ಎಲ್ಲ ಪ್ರಶ್ನೆಯೂ ಮುಗಿಯುವುದಿಲ್ಲ. ಇಲ್ಲಿ ಕಲ್ಯಾಣದ ಒಂದು ಹಳೆಯ ಸಂಗತಿಯನ್ನು ನೆನೆಯಬಹುದು. ಹನ್ನೆರಡನೆಯ ಶತಮಾನದಲ್ಲಿ ಇದೇ ಊರಿನಲ್ಲಿದ್ದ ಆಯ್ದಕ್ಕಿ ಮಾರಯ್ಯನ ಕಾಯಕ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದನಂತೆ. ಹೆಂಡತಿ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಾದದ್ದನ್ನು ತೆಗೆದುಕೊಂಡು ಹೋಗಿ ಅಲ್ಲಿಯೇ ಸುರಿದು ಬಾ ಎಂದಳು. ಚೆಲ್ಲಿಹೋದ ಅಕ್ಕಿ, ಕದ್ದದ್ದಲ್ಲ, ಬೇಡಿದ್ದಲ್ಲ. ತಂದದ್ದು ಕೂಡ ಬೇರೆಯವರಿಗೆ ಉಣಬಡಿಸುವುದಕ್ಕೆ. ಆದರೂ ಅವಳ ಆಕ್ಷೇಪ ನಿಂತಿತು. ಬೇಕಾದದ್ದೆಷ್ಟು, ತಂದದ್ದೆಷ್ಟು ಎಂಬುದು ಅವಳ ಪ್ರಶ್ನೆ.

ನಮ್ಮ ಫೋನುಗಳು ದಾರಿಯುದ್ದಕ್ಕೂ ಚೆಲ್ಲುತ್ತ ಹೋಗುವುದು ಇಂಥ ಅಕ್ಕಿಯನ್ನೇ. ಈಗ ಇಲ್ಲಿದ್ದೇನೆ, ಇಷ್ಟು ವೇಗದಲ್ಲಿದ್ದೇನೆ ಎಂಬ ಒಂದೊಂದು ಕಾಳಿಗೂ ಬೆಲೆಯಿಲ್ಲ. ಆಯ್ದು ಕೂಡಿಸಿದವನಲ್ಲಿ ಅದು ಕಣಜವಾಗುತ್ತದೆ. ಆಯ್ದದ್ದೇ ತಪ್ಪೆನ್ನುವಂತಿಲ್ಲ. ಆಯದಿದ್ದರೆ ಅದು ಮಣ್ಣುಪಾಲು. ಆಯ್ದವರು ಅದರಿಂದ ಅಡಿಗೆ ಮಾಡಿ ನಕ್ಷೆಯೆಂಬ ಊಟವನ್ನು ದುಡ್ಡಿಲ್ಲದೆ ನಮಗೇ ಬಡಿಸುತ್ತಿದ್ದಾರೆ. ಇಷ್ಟರವರೆಗೆ ಮಾರಯ್ಯನ ಕಾಯಕವೇ ಆಯಿತು. ಆದರೆ ರಸ್ತೆಯ ಸಂದಣಿ ತಿಳಿಯುವುದಕ್ಕೆ ನನ್ನ ಗಾಡಿಯ ವೇಗ ಸಾಕು. ನಾನು ಯಾವ ವೈದ್ಯರ ಮನೆಯ ಮುಂದೆ ಎಷ್ಟು ಹೊತ್ತು ನಿಂತೆ, ಪ್ರತಿ ಗುರುವಾರ ಯಾವ ಗುಡಿಗೆ ಹೋಗುತ್ತೇನೆ, ಯಾರ ಮನೆಯಲ್ಲಿ ರಾತ್ರಿ ತಂಗಿದೆ ಎಂಬುದು ಅದಕ್ಕೆ ಬೇಡ. ದಾರಿಯ ಗುರುತೆಂದರೆ ಬಾಳಿನ ಗುರುತು. ನಾಲ್ಕು ತಿಂಗಳ ಓಡಾಟದ ನಕ್ಷೆಯನ್ನು ಮುಂದಿಟ್ಟರೆ ಮನುಷ್ಯನ ರೋಗ, ಭಕ್ತಿ, ಸ್ನೇಹ, ವಿರಸ ಎಲ್ಲವನ್ನೂ ಓದಬಹುದು. 2023ರಲ್ಲಿ ನಮ್ಮ ಸಂಸತ್ತು ಒಪ್ಪಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು, ಯಾವ ಉದ್ದೇಶಕ್ಕೆ ಒಪ್ಪಿಗೆ ಪಡೆದರೊ ಅದಕ್ಕೆ ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕೆಂಬ ತತ್ತ್ವವನ್ನು ಒಳಗೊಂಡಿದೆ. ಎಂಟು ನೂರು ವರ್ಷಗಳ ಹಿಂದೆ ಲಕ್ಕಮ್ಮ ಗಂಡನಿಗೆ ಹೇಳಿದ್ದೂ ಹೆಚ್ಚುಕಡಮೆ ಇದನ್ನೇ. ಕಾನೂನಿಗೂ ಅವಳಿಗೂ ವ್ಯತ್ಯಾಸವೆಂದರೆ, ಅವಳು ಹೊರಗಿನವರು ಬಂದು ಕೇಳುವವರೆಗೆ ಕಾಯಲಿಲ್ಲ.

ತೆಗೆದುಕೊಳ್ಳುವವನ ಧರ್ಮ ಹೀಗಾಯಿತು. ಹೇಳುವವನ ಧರ್ಮವೂ ಒಂದಿದೆ. ಬೇಕೆಂದು ಬೆರಳೊತ್ತಿ ಸುದ್ದಿ ಕೊಡುವವನು ಸತ್ಯವನ್ನೇ ಹೇಳಬೇಕೆಂಬುದರಲ್ಲಿ ವಿವಾದವಿಲ್ಲ. ಆದರೆ ಎಲ್ಲ ಸತ್ಯವನ್ನೂ ಹೇಳಬಹುದೆ? ಎಮ್ಮೆಯ ಹಿಂಡಿಗಾಗಿ ಮಿಟುಕಿಸಿದ ದೀಪವೂ ಪೊಲೀಸರಿಗಾಗಿ ಮಿಟುಕಿಸಿದ ದೀಪವೂ ನೋಡುವುದಕ್ಕೆ ಒಂದೇ. ಮೊದಲನೆಯದು ಹಿಂದಿನವನನ್ನು ಉಳಿಸುತ್ತದೆ. ಎರಡನೆಯದು ಕುಡಿದು ಗಾಡಿ ನಡೆಸುವವನಿಗೆ ಪಕ್ಕದ ಸಂದಿಯನ್ನು ತೋರಿಸಬಹುದು. ಅವನು ಆ ಸಂದಿಯಲ್ಲಿ ಯಾರ ಮೇಲೆ ಹಾಯಿಸುತ್ತಾನೊ ಯಾರು ಬಲ್ಲರು? 2019ರಲ್ಲಿ ನ್ಯೂಯಾರ್ಕಿನ ಪೊಲೀಸರು, ಪಾನಮತ್ತರ ತಪಾಸಣೆಯ ಜಾಗಗಳನ್ನು ವೇಜಿನಲ್ಲಿ ತೋರಿಸುವುದನ್ನು ನಿಲ್ಲಿಸಬೇಕೆಂದು ಗೂಗಲಿಗೆ ಪತ್ರ ಬರೆದರು. ಪೊಲೀಸರಿದ್ದಾರೆಂದು ತಿಳಿದರೆ ಚಾಲಕರು ವೇಗ ತಗ್ಗಿಸುತ್ತಾರೆ, ಅದೂ ಒಳ್ಳೆಯದೇ ಎಂಬುದು ಎದುರು ವಾದ. ಎರಡರಲ್ಲಿಯೂ ಹುರುಳಿದೆ. ನಿರ್ಣಯ ಕೊಡಬೇಕಾದರೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೆ: ಈ ಮಾತಿನಿಂದ ಉಳಿಯುವವನು ಯಾರು, ಅಪಾಯಕ್ಕೆ ಸಿಕ್ಕುವವನು ಯಾರು? ಉಳಿಯುವವನು ನಮ್ಮ ಹಾಗೆ ಗಾಡಿಯಲ್ಲಿ ಕುಳಿತವನೇ ಆಗಿ, ಸಿಕ್ಕುವವನು ಯಾವಾಗಲೂ ರಸ್ತೆಯ ಪಕ್ಕದಲ್ಲಿ ನಡೆಯುವವನಾದರೆ, ಅದನ್ನು ಪರೋಪಕಾರವೆನ್ನುವುದು ಹೇಗೆ? ಅದು ಗಾಡಿಯವರು ತಮ್ಮತಮ್ಮೊಳಗೆ ಮಾಡಿಕೊಂಡ ಒಪ್ಪಂದ.

ಬಳಸುದಾರಿಯ ವಿಷಯದಲ್ಲಿಯೂ ಇದೇ ತೊಡಕು. ಹೆದ್ದಾರಿ ಕಟ್ಟಿಕೊಂಡಾಗ ಆ್ಯಪು ಸಾವಿರ ಜನರಿಗೂ ಒಂದೇ ಒಳದಾರಿಯನ್ನು ತೋರಿಸುತ್ತದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಲಿಯೋನಿಯ ಎಂಬ ಸಣ್ಣ ಊರಿದೆ. ನ್ಯೂಯಾರ್ಕಿಗೆ ಹೋಗುವ ಸೇತುವೆಯ ಹತ್ತಿರ. ಆ್ಯಪನ್ನು ನಂಬಿ ನುಗ್ಗಿದ ಗಾಡಿಗಳಿಂದ ತಮ್ಮ ಮನೆಯ ಮುಂದಿನ ರಸ್ತೆಗೇ ಇಳಿಯಲಾರದೆ, ಆ ಊರಿನವರು 2018ರಲ್ಲಿ ಸುಮಾರು 60 ಬೀದಿಗಳನ್ನು ಸಂದಣಿಯ ಹೊತ್ತಿನಲ್ಲಿ ಹೊರಗಿನವರಿಗೆ ಮುಚ್ಚಿಬಿಟ್ಟರು. ಆಮೇಲೆ ನ್ಯಾಯಾಲಯ ಅದನ್ನು ಎತ್ತಿಹಿಡಿಯಲಿಲ್ಲ. ಬೇರೆ ಕೆಲವು ಬಡಾವಣೆಗಳವರು ತಮ್ಮ ಬೀದಿಯಲ್ಲಿ ಇಲ್ಲದ ಅಪಘಾತವನ್ನು ಇದೆಯೆಂದು ಸುಳ್ಳು ವರದಿ ಮಾಡಿ ಗಾಡಿಗಳನ್ನು ತಿರುಗಿಸಲು ನೋಡಿದರು. ಸುಳ್ಳು ಹೇಳಿದ್ದು ತಪ್ಪೇ. ಆದರೆ ಅಂಗಳದಲ್ಲಿ ಮಕ್ಕಳಾಡುವ ಬೀದಿಯನ್ನು ಆ ಬೀದಿಯವರನ್ನು ಒಂದು ಮಾತು ಕೇಳದೆ ಹೆದ್ದಾರಿ ಮಾಡಿದ್ದು ಸರಿಯೆ? ಊರಿನ ಕಾಕಾ ಇಂಥ ದಾರಿ ಹೇಳುವಾಗ, “ಶಾಲಿ ಅದ, ಸಾವಕಾಶ ಹೋಗ್ರಿ” ಎಂದು ಒಂದು ಮಾತು ಸೇರಿಸುತ್ತಾನೆ. ಆ ಬೀದಿಯೂ ಅವನದೇ, ಆ ಮಕ್ಕಳೂ ಅವನ ಊರಿನವರೇ.

ಇನ್ನು, ನಕ್ಷೆ ಹೇಳುವ ಮಾತಿಗಿಂತ ಅದರ ಮೌನ ಹೆಚ್ಚು ಯೋಚಿಸಬೇಕಾದದ್ದು. ಬರ್ಲಿನ್ನಿನಲ್ಲಿ ಸೈಮನ್ ವೆಕರ್ಟ್ ಎಂಬ ಕಲಾವಿದ 99 ಫೋನುಗಳನ್ನು ಒಂದು ಕೈಗಾಡಿಯಲ್ಲಿ ತುಂಬಿಕೊಂಡು ಬರಿದಾದ ಬೀದಿಯಲ್ಲಿ ಎಳೆದುಕೊಂಡು ಹೋದ. ನಕ್ಷೆಯಲ್ಲಿ ಆ ಬೀದಿ ಕೆಂಪಾಯಿತು. 2020ರಲ್ಲಿ ಅದನ್ನು ಲೋಕಕ್ಕೆ ತೋರಿಸಿದಾಗ ಎಲ್ಲರೂ ನಕ್ಕರು. ಆದರೆ ನಮ್ಮ ಸೀಮೆಯಲ್ಲಿ ಇದರ ತಿರುಗುಮುರುಗು ನಡೆಯುತ್ತದೆ. ಸೀಗೆ ಹುಣ್ಣಿಮೆಯ ಹೊತ್ತಿಗೆ ತುಳಜಾಪುರದ ಅಂಬಾಭವಾನಿಯ ದರ್ಶನಕ್ಕೆ ಭಕ್ತರು ಗುಂಪುಗುಂಪಾಗಿ ಈ ರಸ್ತೆಗಳಲ್ಲಿ ಹಗಲೂ ಇರುಳೂ ನಡೆದುಹೋಗುತ್ತಾರೆ. ಚಳಿಗಾಲದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಕಟ್ಟಿಕೊಂಡು, ಹಿಂದಿನ ದೀಪವಿಲ್ಲದೆ ಸಕ್ಕರೆ ಕಾರ್ಖಾನೆಯ ಕಡೆಗೆ ತೆವಳುತ್ತವೆ. ಕತ್ತಲೆಯಲ್ಲಿ ಅದನ್ನು ಕಾಣದೆ ಹಿಂದಿನಿಂದ ಬಂದು ಹೊಡೆಯುವ ಮೋಟಾರ್‌ಸೈಕಲ್ಲಿನವನಿಗೆ ನಕ್ಷೆ ಮುನ್ಸೂಚನೆ ಕೊಡುವುದಿಲ್ಲ. ಗೆರೆ ಹಸಿರಾಗಿಯೇ ಇರಬಹುದು. ಒಳರಸ್ತೆಗಳಲ್ಲಂತೂ ಬಣ್ಣವೇ ಇಲ್ಲ. ಹಸಿರು ಗೆರೆಯ ಅರ್ಥ ‘ಫೋನಿನವರು ವೇಗವಾಗಿ ಹೋದರು’ ಎಂಬಷ್ಟೇ. ಬಣ್ಣವಿಲ್ಲದ ರಸ್ತೆಯ ಅರ್ಥ ‘ಹೇಳುವವರು ಇರಲಿಲ್ಲ’ ಎಂಬಷ್ಟೇ. ಅಪಾಯವಿಲ್ಲವೆಂದು ಅವು ಎಂದೂ ಹೇಳಿಲ್ಲ. ನಾವು ಹಾಗೆ ಓದಿಕೊಳ್ಳುತ್ತೇವೆ. ಫೋನಿಲ್ಲದ ಮುದುಕಿ, ಎತ್ತಿನ ಗಾಡಿ, ಕುರಿ ಕಾಯುವ ಹುಡುಗ—ಇವರು ರಸ್ತೆಯ ಮೇಲಿದ್ದಾರೆ, ನಕ್ಷೆಯ ಮೇಲಿಲ್ಲ. ನಕ್ಷೆಯನ್ನೇ ರಸ್ತೆಯೆಂದು ನಂಬಿದವನ ಪಾಲಿಗೆ ಅವರು ಇಲ್ಲವೇ ಇಲ್ಲ.

ಈ ನಂಬಿಕೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದಲ್ಲಿ ನಡೆದ ದುರಂತ ಸಾಕ್ಷಿ. ಬರೇಲಿಯ ಹತ್ತಿರ ರಾಮಗಂಗಾ ನದಿಯ ಸೇತುವೆಯ ಒಂದು ಭಾಗ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಆ್ಯಪು ತೋರಿದ ದಾರಿಯನ್ನು ಹಿಡಿದು ಬಂದ ಕಾರು ಸೇತುವೆಯ ತುದಿಯಿಂದ ಕೆಳಗೆ ಬಿದ್ದು ಮೂವರು ಸತ್ತರು. ಲೋಕೋಪಯೋಗಿ ಇಲಾಖೆಯ ಇಂಜಿನಿಯರರ ಮೇಲೆ ಪೊಲೀಸರು ಮೊಕದ್ದಮೆ ದಾಖಲಿಸಿದರು. ನಕ್ಷೆಯ ಕಂಪನಿಯ ಅಧಿಕಾರಿಯೊಬ್ಬರನ್ನೂ ಅದರಲ್ಲಿ ಸೇರಿಸಿದರು. ತಪ್ಪು ಯಾರದೆಂದು ಗೊತ್ತುಮಾಡುವುದು ನ್ಯಾಯಸ್ಥಾನದ ಕೆಲಸ. ನಮಗೆ ಬೇಕಾದದ್ದು ಇನ್ನೊಂದು ಸಂಗತಿ. ಸೇತುವೆ ಮುರಿದದ್ದು ಸುತ್ತಲಿನ ಊರಿನವರಿಗೆಲ್ಲ ತಿಳಿದಿರಲೇಬೇಕಲ್ಲವೆ? ತಿಳಿವಳಿಕೆ ಇತ್ತು, ಆದರೆ ಅದು ಆ ಮೂವರ ಬಳಿಗೆ ಬರಲಿಲ್ಲ. ಬರುವ ದಾರಿ ಎರಡಿದ್ದವು. ಒಂದು, ಸೇತುವೆಯ ಬಾಯಿಗೆ ಭದ್ರವಾದ ಅಡ್ಡಗೋಡೆ. ಅದು ಸರಕಾರದ ಕೆಲಸ. ಇನ್ನೊಂದು, ಗಾಡಿ ನಿಲ್ಲಿಸಿ ಒಬ್ಬನನ್ನು ಕೇಳುವುದು. ಕೈಯಲ್ಲಿ ಎಲ್ಲ ಬಲ್ಲ ನಕ್ಷೆಯಿದ್ದಾಗ ಯಾರನ್ನಾದರೂ ಕೇಳಬೇಕೆಂದು ಯಾರಿಗೆ ತೋಚೀತು? ಸತ್ತವರನ್ನು ದೂರುವ ಮಾತಲ್ಲ ಇದು. ಅವರ ಜಾಗದಲ್ಲಿ ನಮ್ಮಲ್ಲಿ ಯಾರು ಬೇಕಾದರೂ ಇರಬಹುದಿತ್ತು. ಕಾಕಾ ತನ್ನ ತಿಳಿವಳಿಕೆಯ ಕೊನೆಯಲ್ಲಿ, “ಅಲ್ಲಿ ಮತ್ತೊಮ್ಮೆ ಕೇಳ್ರಿ” ಎಂದು ಸೇರಿಸುತ್ತಿದ್ದ. ಯಂತ್ರಕ್ಕೆ ಆ ವಾಕ್ಯವನ್ನು ಕಲಿಸಿಲ್ಲ. ತನಗೆ ಚೆನ್ನಾಗಿ ಗೊತ್ತಿರುವ ಹೆದ್ದಾರಿಯನ್ನೂ ಅರೆಗೊತ್ತಿರುವ ಹಳ್ಳಿದಾರಿಯನ್ನೂ ಅದು ಒಂದೇ ಧೈರ್ಯದ ಕಂಠದಲ್ಲಿ ಹೇಳುತ್ತದೆ. ಅದನ್ನು ಮಾಡಿದವರು ಮೊದಲು ತಿದ್ದಬೇಕಾದದ್ದು ಈ ಕಂಠವನ್ನು. ‘ಇಲ್ಲಿಂದ ಮುಂದೆ ನನಗೆ ಸರಿಯಾಗಿ ತಿಳಿಯದು’ ಎಂದು ಹೇಳಿದರೆ ಅದರ ಗೌರವ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ: ತಿಳಿಯದೆ ಕೊಟ್ಟದ್ದು ಕೊಡುಗೆಯೆ? ನಮ್ಮಲ್ಲಿ ದಾನಕ್ಕೆ ಸಂಕಲ್ಪ ಬೇಕೆನ್ನುತ್ತಾರೆ. ಧಾರೆಯೆರೆದು ಕೊಟ್ಟರೇ ಅದು ದಾನ. ಮಳೆ ಲೋಕಕ್ಕೆಲ್ಲ ನೀರು ಕೊಡುತ್ತದೆ. ಮಳೆಗೆ ಕೃತಜ್ಞರಾಗಿರುತ್ತೇವೆ, ಮಳೆಯನ್ನು ಪೂಜಿಸುತ್ತೇವೆ. ಆದರೆ ಮಳೆ ದೊಡ್ಡ ದಾನಿಯೆಂದು ಅದಕ್ಕೆ ಸನ್ಮಾನ ಮಾಡುವುದಿಲ್ಲ. ನಮ್ಮ ಜೇಬಿನಿಂದ ಹೊರಡುವ ಸುದ್ದಿಯೂ ಮಳೆಯ ಜಾತಿಯದು. ಲೋಕಕ್ಕೆ ಅದರಿಂದ ಪ್ರಯೋಜನವಿದೆ. ನಮಗೆ ಅದರಿಂದ ಪುಣ್ಯವಿಲ್ಲ. ಇದನ್ನು ಒಪ್ಪಿಕೊಳ್ಳುವುದರಿಂದ ಏನು ನಷ್ಟ ಎನ್ನಬಹುದು. ನಷ್ಟವಿಲ್ಲ. ಒಪ್ಪಿಕೊಳ್ಳದಿದ್ದರೆ ಮಾತ್ರ ಒಂದು ದೊಡ್ಡ ನಷ್ಟವಿದೆ.

ಆ ನಷ್ಟವನ್ನು ಕೆಂಪು ಗೆರೆಯಲ್ಲಿ ಕಾಣಬಹುದು. ಸಂಜೆಯ ಹೊತ್ತು ಹೆದ್ದಾರಿಯಲ್ಲಿ ಯಾರೋ ಮೋಟಾರ್‌ಸೈಕಲ್ಲಿನಿಂದ ಬಿದ್ದಿದ್ದಾನೆಂದಿಟ್ಟುಕೊಳ್ಳಿ. ಬರುವ ಗಾಡಿಗಳೆಲ್ಲ ಅಲ್ಲಿ ವೇಗ ತಗ್ಗಿಸುತ್ತವೆ, ಕಿಟಕಿಯಿಂದ ಕತ್ತು ಹೊರಗೆ ಬರುತ್ತದೆ, ಗಾಡಿ ಮುಂದೆ ಹೋಗುತ್ತದೆ. ನಕ್ಷೆಯಲ್ಲಿ ಆ ತುಂಡು ಮೊದಲು ಹಳದಿಯಾಗಿ, ಆಮೇಲೆ ಕೆಂಪಾಗುತ್ತದೆ. ದೂರದಲ್ಲಿರುವವನು ಅದನ್ನು ನೋಡಿ ಬೇರೆ ದಾರಿ ಹಿಡಿದು ಉಪಕೃತನಾಗುತ್ತಾನೆ. ಆ ಕೆಂಪು ಗೆರೆ ನೂರು ಜನ ನಿಧಾನವಾದರೆಂಬುದಕ್ಕೆ ಸಾಕ್ಷಿ. ಅವರಲ್ಲಿ ಒಬ್ಬನಾದರೂ ಇಳಿದನೆ ಎಂಬುದನ್ನು ಅದು ಹೇಳುವುದಿಲ್ಲ. ಸುದ್ದಿ ಮುಟ್ಟಬೇಕಾದವರಿಗೆಲ್ಲ ಮುಟ್ಟಿತು, ಯಾರ ಕೈಯಿಂದಲೂ ಕೆಲಸವಾಗಲಿಲ್ಲ! ನನ್ನ ಪರವಾಗಿ ನನ್ನ ಫೋನು ಹೇಳಿದೆಯಲ್ಲ, ಯಾರೋ ಬೆರಳೊತ್ತಿರುತ್ತಾರಲ್ಲ, ಯಾರೋ 108ಕ್ಕೆ ಕರೆ ಮಾಡಿರುತ್ತಾರಲ್ಲ ಎಂಬ ಭಾವನೆ ಬಂದ ಕಡೆ ದಾರಿಯ ಋಣ ತೀರಿತೆಂದು ಮನಸ್ಸು ತಾನೇ ರಸೀದಿ ಬರೆದುಕೊಳ್ಳುತ್ತದೆ. ಹಿಂದೆ ಇಳಿಯದವನಿಗೆ ಕಾನೂನಿನ ಹೆದರಿಕೆಯ ನೆಪವಿತ್ತು. ಗಾಯಾಳುವಿಗೆ ನೆರವಾದವರನ್ನು ಠಾಣೆ ಕೋರ್ಟುಗಳಿಗೆ ಅಲೆಸಬಾರದೆಂಬ ಮಾರ್ಗಸೂಚಿಯನ್ನು ಸುಪ್ರೀಂ ಕೋರ್ಟು 2016ರಲ್ಲಿ ಅಂಗೀಕರಿಸಿತು. ಕರ್ನಾಟಕದ ಶಾಸನಸಭೆ ಅದೇ ವರ್ಷ ಮಾಡಿದ ಪರೋಪಕಾರಿಗಳ ರಕ್ಷಣೆಯ ಕಾಯಿದೆಗೆ 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ದೊರೆಯಿತು. ಆ ನೆಪ ಹೋಯಿತು. ಅದರ ಜಾಗದಲ್ಲಿ ಈ ಹೊಸ ನೆಪ ಬಂದು ಕೂಡದಂತೆ ನೋಡಿಕೊಳ್ಳಬೇಕಾದವರು ನಾವೇ.

ಹಾಗೆಂದು ಫೋನನ್ನು ಎಸೆದು ಹಳೆಯ ಕಾಲಕ್ಕೆ ಹಿಂದಿರುಗಬೇಕೆನ್ನುವ ಮಾತು ಯಾರಿಗೂ ಬೇಡ. ಕಾಕಾನ ಜ್ಞಾನ ಸಸ್ತಾಪುರ ಬಂಗ್ಲಾದವರೆಗೆ. ಯಂತ್ರದ ಜ್ಞಾನ ಪುಣೆಯವರೆಗೆ. ಎರಡೂ ಇದ್ದರೆ ಒಳ್ಳೆಯದು. ಕಲ್ಯಾಣದ ಅನುಭವ ಮಂಟಪದಲ್ಲಿ ಅಂಬಿಗನೂ ಮಡಿವಾಳನೂ ಸುಂಕ ವಸೂಲು ಮಾಡುವವನೂ ಬಂದು ತಮ್ಮತಮ್ಮ ಬಾಳಿನಲ್ಲಿ ಕಂಡದ್ದನ್ನು ಹೇಳುತ್ತಿದ್ದರೆಂದು ಕೇಳಿದ್ದೇವೆ. ಅಲ್ಲಿಯೂ ಹಲವರ ಅನುಭವ ಕೂಡಿಯೇ ತಿಳಿವು ಬೆಳೆಯಿತು. ಆದರೆ ಅಲ್ಲಿ ಪ್ರತಿಯೊಂದು ಮಾತಿಗೂ ಹೇಳಿದವನ ಹೆಸರಿತ್ತು, ಕಾಯಕದ ಗುರುತಿತ್ತು. ಪ್ರಶ್ನೆ ಕೇಳಿದರೆ ಎದ್ದುನಿಂತು ಉತ್ತರ ಕೊಡುವವನಿದ್ದ. ಈಗಿನ ಮಂಟಪ ಕೋಟ್ಯಂತರ ಜನರದು. ಅದರಲ್ಲಿ ಪ್ರತಿಯೊಬ್ಬನಿಗೂ ಹೆಸರು ಕೊಡುವುದು ಆಗದ ಮಾತು, ಅಗತ್ಯವೂ ಇಲ್ಲ. ಆದರೆ ಮಾತುಗಳನ್ನು ಕೂಡಿಸಿ ಸಾರ ತೆಗೆದು ಹೇಳುವವನಾದರೂ ಉತ್ತರಕ್ಕೆ ನಿಲ್ಲಬೇಕು. ಎಷ್ಟು ಆಯ್ದೆ, ಯಾವುದಕ್ಕೆ ಆಯ್ದೆ, ಹೆಚ್ಚಾದದ್ದನ್ನು ಏನು ಮಾಡಿದೆ ಎಂದು ಕೇಳುವ ಹಕ್ಕು ಕಾಳು ಚೆಲ್ಲಿದವರಿಗೆಲ್ಲ ಇದೆ. ಆ ಕಣಜದಲ್ಲಿರುವ ರಸ್ತೆಯ ಸುದ್ದಿ—ಯಾವ ತಿರುವಿನಲ್ಲಿ ದಿನವೂ ಬ್ರೇಕು ಬೀಳುತ್ತದೆ, ಯಾವ ಸೇತುವೆಯ ಮೇಲೆ ಯಾರೂ ಹೋಗುತ್ತಿಲ್ಲ ಎಂಬುದು—ರಸ್ತೆ ಕಾಯುವ ಇಲಾಖೆಗೆ ತಲುಪಿ ಗುಂಡಿ ಮುಚ್ಚುವುದಾದರೆ, ಅಕ್ಕಿ ಮಹಾಮನೆಯ ಅಂಗಳಕ್ಕೆ ಹಿಂದಿರುಗಿದಂತಾಗುತ್ತದೆ.

ನಮ್ಮ ಪಾಲಿನ ಕೆಲಸ ಇದಕ್ಕಿಂತ ಸಣ್ಣದು, ಇದಕ್ಕಿಂತ ಹತ್ತಿರದ್ದು. ಕಂಡ ಗುಂಡಿಯನ್ನು ತಿಳಿಸುವುದಾದರೆ ಗಾಡಿ ನಿಲ್ಲಿಸಿ, ತಿಳಿದೇ ತಿಳಿಸಬೇಕು, ಸುಳ್ಳನ್ನಂತೂ ಸೇರಿಸಕೂಡದು. ಬೇರೊಬ್ಬರ ಬೀದಿಯನ್ನು ಹಾಯುವಾಗ ಅದು ಬೇರೊಬ್ಬರ ಬೀದಿಯೆಂದು ನೆನಪಿರಬೇಕು. ಬಣ್ಣವಿಲ್ಲದ ರಸ್ತೆಯಲ್ಲಿ ದೀಪವಿಲ್ಲದೆ ನಡೆಯುವವನಿದ್ದಾನೆಂದು ಎಣಿಸಿಕೊಂಡೇ ಚಕ್ರ ತಿರುಗಿಸಬೇಕು. ಮುಂದೆ ಯಾರಾದರೂ ಬಿದ್ದಿದ್ದರೆ ಇಳಿಯಬೇಕು. ಆಸ್ಪತ್ರೆಯ ಗಾಡಿ ಬರುವವರೆಗೆ ಅವನ ಪಕ್ಕದಲ್ಲಿ ಕುಳಿತಿರುವ ಹೊತ್ತಿನಲ್ಲಿ ನಮ್ಮ ಫೋನೂ ಅಲ್ಲಿಯೇ ನಿಂತಿರುತ್ತದೆ. ಒಂದು ಗಾಡಿ ಇಲ್ಲಿ ನಿಂತಿದೆಯೆಂದು ಅದು ದೂರದ ಯಾವುದೊ ಲೆಕ್ಕದ ಪುಸ್ತಕಕ್ಕೆ ಬರೆದು ಕಳುಹಿಸುತ್ತಿರುತ್ತದೆ. ಏತಕ್ಕಾಗಿ ನಿಂತಿತೆಂಬುದು ಆ ಪುಸ್ತಕದಲ್ಲಿ ಸೇರುವುದಿಲ್ಲ. ಸೇರದಿದ್ದರೂ ಚಿಂತೆಯಿಲ್ಲ.